ಮೂರೂವರೆ ಗಂಟೆಯ ಅಕ್ಕ

ಟೇಪು ಮಾಸ್ತರರ ಕೊರಳಲ್ಲಿ ಅಳತೆಯ ಟೇಪು ಇಲ್ಲದ್ದನ್ನು ಕಂಡವರು ಕಡಿಮೆ. ಸ್ನಾನಕ್ಕೆ ಹೋಗುವಾಗ ಮಾತ್ರ ತೆಗೆದಿಡುತ್ತಾರೆ ಎಂದು ಅವರ ಹೆಂಡತಿ ಹೇಳುತ್ತಿದ್ದಳು. ಅದನ್ನು ನಾವು ನಂಬಿಕೆಯ ಮೇಲೆಯೇ ಒಪ್ಪಿಕೊಳ್ಳಬೇಕು. ಬೀದಿಯಲ್ಲಿ ಯಾರ ಮನೆಗೆ ಹೊಸ ಬೀರು ಬಂದರೂ ಅದು ಬಾಗಿಲಲ್ಲಿ ಹಿಡಿಸುತ್ತದೆಯೋ ಇಲ್ಲವೋ ಎಂದು ಕೇಳಲು ಅವರನ್ನೇ ಕರೆಯುತ್ತಿದ್ದರು. ಅವರು ಅಳೆದು "ಧಾರಾಳವಾಗಿ ಹೋಗುತ್ತೆ" ಎಂದ ಮೇಲೆ ಬೀರು ಬಾಗಿಲಲ್ಲಿ ಸಿಕ್ಕಿಕೊಂಡ ಪ್ರಸಂಗಗಳು ಎರಡು ಇವೆ. ಎರಡರಲ್ಲೂ ತಪ್ಪು ಬಾಗಿಲಿನದೇ ಎಂದು ಮಾಸ್ತರರು ಸಾಧಿಸಿ ತೋರಿಸಿದ್ದರು.

ಅವರ ಹೊಲಿಗೆ ಅಂಗಡಿ ಎಂದರೆ ಬೀದಿಯ ತಿರುವಿನಲ್ಲಿ ಹತ್ತು ಅಡಿ ಉದ್ದ, ಏಳು ಅಡಿ ಅಗಲದ ಒಂದು ಕೋಣೆ. ಗೋಡೆಗೆ ಕೆಳಗಡೆ ಸೀಳಿದ ಒಂದು ನಿಲುವುಗನ್ನಡಿ, ಮೂಲೆಯಲ್ಲಿ ತಲೆಯಿಲ್ಲದ ಒಂದು ಗೊಂಬೆ, ಎರಡು ಹೊಲಿಗೆ ಯಂತ್ರ. ಒಂದು ಕರೆಂಟಿನದು. ಇನ್ನೊಂದು ಕಾಲಲ್ಲಿ ತುಳಿಯುವ ಹಳೆಯದು. ಹಳೆಯದರ ಮುಂದಿನ ಸ್ಟೂಲಿನ ಮೇಲೆ ಮಾಸ್ತರರು ಯಾರನ್ನೂ ಕೂರಲು ಬಿಡುತ್ತಿರಲಿಲ್ಲ, ಏಕೆಂದರೆ ಅದು ಅಕ್ಕನ ಜಾಗ.

ಮಾಸ್ತರರಿಗೆ ಒಂಬತ್ತು ವರ್ಷವಾಗಿದ್ದಾಗ ಅಪ್ಪ ತೀರಿಕೊಂಡರು. ಅಕ್ಕನಿಗೆ ಆಗ ಹದಿನೇಳು. ಅಪ್ಪನ ಯಂತ್ರದ ಮುಂದೆ ಅವಳು ಕೂತಳು, ತಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡಳು. ತಮ್ಮನ ಕಾಲು ಪೆಡಲಿಗೆ ಎಟಕುತ್ತಿರಲಿಲ್ಲ. ಹಾಗಾಗಿ ಎರಡು ವರ್ಷ ಪೆಡಲು ತುಳಿದದ್ದು ಅಕ್ಕನ ಕಾಲು, ಬಟ್ಟೆ ಹಿಡಿದದ್ದು ತಮ್ಮನ ಕೈ. "ಒಳಗೆ ಎರಡು ಬೆರಳು ಬಟ್ಟೆ ಬಿಡು ಪುಟ್ಟ, ಮನುಷ್ಯರು ದಪ್ಪ ಆಗ್ತಾರೆ" ಎಂದು ಅವಳು ಆಗ ಹೇಳಿಕೊಟ್ಟದ್ದನ್ನು ಮಾಸ್ತರರು ಇಂದಿಗೂ ಮೀರಿದವರಲ್ಲ. ಊರಿನ ಅರ್ಧ ಜನ ಹಳೆಯ ಬಟ್ಟೆಯ ಹೊಲಿಗೆಯನ್ನೇ ಬಿಚ್ಚಿಸಿ ಸಡಿಲ ಮಾಡಿಸಿಕೊಂಡು ಹಾಕಿಕೊಳ್ಳುತ್ತಿದ್ದುದು ಆ ಎರಡು ಬೆರಳಿನ ಕೃಪೆಯಿಂದ.

ತಮ್ಮನಿಗೆ ಮದುವೆಯಾಗಿ, ಒಂದು ಅಂಗಡಿ ಇಬ್ಬರು ಟೈಲರುಗಳಿಗೆ ಸಾಲದು ಎನ್ನಿಸಿದಾಗ ಅಕ್ಕ ಅಂಗಡಿಯನ್ನು ಅವರಿಗೇ ಬಿಟ್ಟು, ಬಹಳ ದೂರದ ಒಂದು ದೇಶದ ಆಸ್ಪತ್ರೆಯ ಹೊಲಿಗೆ ವಿಭಾಗಕ್ಕೆ ಕೆಲಸಕ್ಕೆ ಹೋದಳು. ಹೋಗಿ ಹನ್ನೊಂದು ವರ್ಷ. ಒಮ್ಮೆಯೂ ಬಂದಿರಲಿಲ್ಲ. ಆದರೆ ಪ್ರತಿ ಬುಧವಾರ ಸಂಜೆ ನಾಲ್ಕಕ್ಕೆ ಸರಿಯಾಗಿ ಅವಳ ಫೋನು ಬರುತ್ತಿತ್ತು. "ನೀನು ಮಾಡ್ಬೇಡ, ನಾನೇ ಮಾಡ್ತೀನಿ" ಎಂದು ಮೊದಲೇ ಹೇಳಿಬಿಟ್ಟಿದ್ದಳು. ನಾಲ್ಕು ಗಂಟೆ ಎಂದರೆ ಮಾಸ್ತರರು ಯಂತ್ರ ನಿಲ್ಲಿಸಿ ಚಹಾ ಕುಡಿಯುವ ಹೊತ್ತು. ಅಕ್ಕನಿಗೂ ಅದೇ ಚಹಾದ ಹೊತ್ತಿರಬೇಕು ಎಂದು ಅವರು ತಿಳಿದಿದ್ದರು. ಕೆಲವು ಸಲ ಅಂಗಡಿಯಲ್ಲಿ ಜನ ಇದ್ದರೆ "ಗಿರಾಕಿ ಇದಾರೆ ಅಕ್ಕ, ಆಮೇಲೆ" ಎಂದು ಇಟ್ಟುಬಿಡುತ್ತಿದ್ದರು. ಅಕ್ಕನೂ "ಸರಿ ಪುಟ್ಟ, ಕೆಲಸ ನೋಡ್ಕೋ" ಎನ್ನುತ್ತಿದ್ದಳು.

ಈಗ ಆ ಅಕ್ಕ ಬರುವವಳಿದ್ದಳು. ಮಾಸ್ತರರು ಅವಳಿಗೆಂದು ಕಡುನೀಲಿ ಬಣ್ಣದ ಒಂದು ಕೋಟು ಹೊಲಿಯಲು ಶುರುಮಾಡಿ ಆಗಲೇ ಎರಡು ತಿಂಗಳಾಗಿತ್ತು. ಊರಿಗೆಲ್ಲ ಕೋಟು ಹೊಲಿದವಳು ತನಗೆಂದು ಒಂದನ್ನೂ ಹೊಲಿದುಕೊಂಡಿರಲಿಲ್ಲ. ಅವಳು ಮಾಡಿದ್ದಕ್ಕೆಲ್ಲ ಒಂದೇ ಸಲ ಉತ್ತರವಾಗುವಂಥ ಕೋಟು ಆಗಬೇಕೆಂದು ಮಾಸ್ತರರು ಒಂದೊಂದು ಹೊಲಿಗೆಯನ್ನೂ ಉಸಿರು ಹಿಡಿದು ಹಾಕುತ್ತಿದ್ದರು. ಗುಂಡಿ ಮಾತ್ರ ಬಾಕಿ ಇತ್ತು.

ಇಷ್ಟಕ್ಕೇ ನಿಂತಿದ್ದರೆ ಎಲ್ಲವೂ ಸುಖವಾಗಿ ಮುಗಿಯುತ್ತಿತ್ತು. ಆದರೆ ಒಂದು ಶನಿವಾರ ಅಕ್ಕ ಟಿಕೆಟಿನ ಚಿತ್ರವನ್ನು ಫೋನಿಗೆ ಕಳಿಸಿದಳು, ಮತ್ತು ಆ ಹೊತ್ತಿಗೆ ಪಕ್ಕದ ಕಟಿಂಗ್ ಶಾಪಿನವನು ಅಂಗಡಿಯಲ್ಲಿದ್ದ. ಅವನು ಬಾಚಣಿಗೆಯನ್ನು ಕಿವಿಗೆ ಸಿಕ್ಕಿಸಿಕೊಂಡು ಚಿತ್ರವನ್ನು ಇಣುಕಿ ನೋಡಿದ.

"ಎಷ್ಟು ಹೊತ್ತಿನ ದಾರಿ ಮಾಸ್ಟ್ರೇ?"

ಮಾಸ್ತರರು "ಗೊತ್ತಿಲ್ಲ" ಎಂದಿದ್ದರೆ ನಮ್ಮ ಕಥೆಯೇ ಇರುತ್ತಿರಲಿಲ್ಲ. ಅಳತೆಯ ವಿಷಯದಲ್ಲಿ ಆ ಮಾತನ್ನು ಅವರ ಬಾಯಿ ಕಲಿತೇ ಇರಲಿಲ್ಲ, ಅದಕ್ಕೆ ನಾವು ಕೃತಜ್ಞರಾಗಿರೋಣ. ಅವರು ಕನ್ನಡಕ ಏರಿಸಿ ಓದಿದರು. ಶುಕ್ರವಾರ ಬೆಳಿಗ್ಗೆ ಒಂಬತ್ತು ಹತ್ತಕ್ಕೆ ಹೊರಡುವುದು. ಶುಕ್ರವಾರ ಮಧ್ಯಾಹ್ನ ಹನ್ನೆರಡು ನಲವತ್ತಕ್ಕೆ ತಲುಪುವುದು. ಬೆರಳು ಮಡಚಿ ಎಣಿಸಿದರು.

"ಮೂರೂವರೆ ಗಂಟೆ" ಎಂದರು, ತಾವೇ ವಿಮಾನವನ್ನು ಹೊಲಿದವರ ಹಾಗೆ.

"ಅಷ್ಟೇನಾ? ಬಹಳ ದೂರ ಅಂತಿದ್ರಿ?"

"ದೂರ ಇದ್ರೇನು, ವಿಮಾನ ಅಂಥದ್ದು. ಅಕ್ಕ ಸುಮ್ಮನೆ ಯಾವುದೋ ಒಂದು ಹತ್ತಿ ಬರ್ತಾಳಾ?"

ಕಟಿಂಗ್ ಶಾಪಿನಲ್ಲಿ ಸುದ್ದಿ ಹೇಳುವುದೂ ಬೀದಿಯ ಕಂಬಕ್ಕೆ ಧ್ವನಿವರ್ಧಕ ಕಟ್ಟುವುದೂ ಒಂದೇ. ಸಂಜೆಯ ಹೊತ್ತಿಗೆ ಬೀದಿಗೆಲ್ಲ ಗೊತ್ತಾಯಿತು. ಭೂಮಿಯ ಆ ತುದಿಯಿಂದ ಈ ತುದಿಗೆ ಮೂರೂವರೆ ಗಂಟೆ. ಮಾಸ್ತರರೇ ಲೆಕ್ಕ ಹಾಕಿದ್ದಾರೆ. ಆದರೆ ಬೀದಿಯಲ್ಲಿ ಸಂಶಯಪಡುವವರೂ ಇರುತ್ತಾರೆ. ದೂರ ಎಷ್ಟೆಂದು ಕರಾರುವಾಕ್ಕಾಗಿ ತಿಳಿಯದೆ ಹೊತ್ತಿಗೇನು ಬೆಲೆ ಎಂದು ಯಾರೋ ಕೇಳಿದರು. ಮಾಸ್ತರರು ಟೇಪನ್ನು ಕೊರಳಲ್ಲಿ ಸರಿಮಾಡಿಕೊಂಡು ಭೂಗೋಳದ ಮೇಷ್ಟ್ರ ಮನೆಗೆ ಹೊರಟರು.

ನಿವೃತ್ತರಾದ ಭೂಗೋಳದ ಮೇಷ್ಟ್ರು ಒಳ್ಳೆಯ ವಿದ್ವಾಂಸರು. ಅವರದು ಒಂದೇ ತೊಂದರೆ. ಏನು ಕೇಳಿದರೂ ಬುಡದಿಂದ ಹೇಳಬೇಕೆಂಬುದು ಅವರ ವ್ರತ. ಮಳೆ ಬರುತ್ತಾ ಎಂದು ಕೇಳಿದವರೂ ಭೂಮಿ ಹುಟ್ಟಿದ ಕಥೆಯಿಂದಲೇ ಕೇಳಿಸಿಕೊಳ್ಳಬೇಕಾಗಿತ್ತು, ಮತ್ತು ಅಷ್ಟು ಹೊತ್ತಿಗೆ ಮಳೆ ಬಂದು ನಿಂತಿರುತ್ತಿತ್ತು. ಅವರ ಮನೆಯ ಗೋಡೆಗೆ ಶಾಲೆಯಿಂದ ತಂದ ದೊಡ್ಡ ಭೂಪಟವಿತ್ತು. ಮಾಸ್ತರರು ಅದರ ಮುಂದೆ ನಿಂತು, ಗಿರಾಕಿಯ ಭುಜ ಅಳೆಯುವ ಹಾಗೆ, ಆ ಊರಿನಿಂದ ಈ ಊರಿಗೆ ಟೇಪು ಹಿಡಿದರು.

"ಮೂವತ್ತು ಸೆಂಟಿಮೀಟರ್. ಹೊಲಿಗೆಗೆ ಎರಡು. ಮೂವತ್ತೆರಡು."

"ಹೊಲಿಗೆಗೆ ಯಾಕಪ್ಪಾ?" ಎಂದರು ಮೇಷ್ಟ್ರು.

"ಬಿಡಬೇಕು ಮೇಷ್ಟ್ರೇ. ಬಿಗಿಯಾಗಿ ಅಳೆದ್ರೆ ಆಮೇಲೆ ಕಷ್ಟ."

ಒಂದು ಸೆಂಟಿಮೀಟರಿಗೆ ನಾನೂರು ಕಿಲೋಮೀಟರ್ ಎಂದು ಭೂಪಟದ ಮೂಲೆಯಲ್ಲಿ ಬರೆದಿತ್ತು. ಹನ್ನೆರಡು ಸಾವಿರದ ಎಂಟುನೂರು ಕಿಲೋಮೀಟರ್ ಆಯಿತು. ಮೂರೂವರೆ ಗಂಟೆಯಲ್ಲಿ ಎಂದಾಗ ಮೇಷ್ಟ್ರ ಹುಬ್ಬು ಮೇಲೇರಿತು.

"ಅದು ಹಾಗಲ್ಲ. ಅಲ್ಲೊಂದು ವಿಷಯ ಇದೆ. ಕೂತ್ಕೊಳ್ಳಿ, ಹೇಳ್ತೀನಿ. ಮೊದಮೊದಲು ಈ ಭೂಮಿ ಒಂದು ಉರಿಯೋ ಉಂಡೆ ಆಗಿತ್ತು..."

ಮಾಸ್ತರರು ಭೂಮಿ ತಣ್ಣಗಾಗುವವರೆಗೆ ಕೂತರು. ಮೊದಲ ಬಂಡೆಗಳು ಗಟ್ಟಿಯಾಗುವ ಹೊತ್ತಿಗೆ ಇಸ್ತ್ರಿಪೆಟ್ಟಿಗೆಯನ್ನು ಆರಿಸಿದೆನೋ ಇಲ್ಲವೋ ಎಂದು ನೆನಪಾಗಿ ಎದ್ದುಬಂದರು.

ಗಂಟೆಗೆ ಮೂರು ಸಾವಿರದ ಆರುನೂರ ಐವತ್ತೇಳು ಕಿಲೋಮೀಟರ್ ಎಂಬ ಸಂಖ್ಯೆ ಬೀದಿಯ ಬಾಯಿ ಮುಚ್ಚಿಸಿತು. ಹಾಗೇ ಮಾಸ್ತರರಿಗೆ ಒಂದು ಚಿಂತೆಯನ್ನೂ ಹಚ್ಚಿತು. ಅವರು ವಿಮಾನ ನಿಲ್ದಾಣದ ವಿಚಾರಣೆಗೆ ಫೋನು ಮಾಡಿದರು. ಒಬ್ಬ ಹೆಣ್ಣುಮಗಳು ಬಹಳ ವಿನಯದಿಂದ ಎತ್ತಿಕೊಂಡಳು.

"ಶುಕ್ರವಾರ ಹನ್ನೆರಡು ನಲವತ್ತಕ್ಕೆ ಬರೋ ವಿಮಾನದ ಬಗ್ಗೆ ಒಂದು ಮನವಿ ತಾಯಿ. ಅದು ಗಂಟೆಗೆ ಮೂರು ಸಾವಿರದ ಆರುನೂರ ಐವತ್ತೇಳು ಕಿಲೋಮೀಟರ್ ಓಡುತ್ತೆ."

"ಯಾರು ಹೇಳಿದ್ರು ಸರ್?"

"ನಾನೇ ಅಳೆದಿದೀನಿ."

"ನೀವು ಯಾವ ಇಲಾಖೆಯಿಂದ ಮಾತಾಡ್ತಿದೀರಿ ಸರ್?"

"ಟೈಲರಿಂಗು. ನಮ್ಮ ಅಕ್ಕನಿಗೆ ಐವತ್ತೆಂಟು ವರ್ಷ ತಾಯಿ, ಜೋಕಾಲಿ ಮೇಲೆ ಕೂತರೂ ತಲೆ ಸುತ್ತುತ್ತೆ. ಸ್ವಲ್ಪ ನಿಧಾನ ಓಡಿಸೋಕೆ ಹೇಳಿದ್ರೆ ಉಪಕಾರ ಆಗ್ತಿತ್ತು. ಒಂದು ಗಂಟೆ ತಡ ಆದ್ರೂ ಪರವಾಗಿಲ್ಲ, ನಾವು ಕಾಯ್ತೀವಿ."

"ಸರ್, ಟಿಕೆಟಲ್ಲಿ ಹಾಕಿರೋದು ಆಯಾ ಊರಿನ ಸಮಯ."

"ಮತ್ತೆ? ಹೊರಡೋದು ಆ ಊರಿಂದ, ಇಳಿಯೋದು ಈ ಊರಲ್ಲಿ. ಸಂಬಂಧ ಇಲ್ಲದ ಊರಿನ ಸಮಯ ಯಾಕೆ ಹಾಕ್ತಾರೆ?"

"ಬೇರೆ ಏನಾದ್ರೂ ಸಹಾಯ ಬೇಕಿತ್ತಾ ಸರ್?" ಎಂದಳು ಆಕೆ. ಇದಕ್ಕಿಂತ ತಾಳ್ಮೆಯ ಮಾತನ್ನು ಯಾವ ಕಚೇರಿಯೂ ಆಡಲಾರದು. ಮಾಸ್ತರರು ಎರಡು ಸಲ ಧನ್ಯವಾದ ಹೇಳಿ ಇಟ್ಟರು.

ಮಂಗಳವಾರ ಅವರ ಹೆಂಡತಿಯ ದೊಡ್ಡಮ್ಮ ಬಂದಿಳಿದರು. ಬಸ್ಸಿನಲ್ಲಿ ಐದು ಗಂಟೆಯ ದಾರಿ ಅವರ ಊರು. ಬಂದವರು ಕಾಲು ಚಾಚಿ ಕೂತು, ಬಸ್ಸು, ಅದರ ಸೀಟು, ಕಿಟಕಿಯ ಪಕ್ಕದವನು ಎಲ್ಲರನ್ನೂ ಒಂದೊಂದಾಗಿ ಬೈದು ಮುಗಿಸಿ, ನೀರು ಕುಡಿದು, ಅಕ್ಕನ ವಿಮಾನದ ಸುದ್ದಿಗೆ ಬಂದರು. ಮಾಸ್ತರರು ಎದೆಯುಬ್ಬಿಸಿ ಮೂರೂವರೆ ಗಂಟೆಯ ವಿಷಯ ಹೇಳಿದರು. ದೊಡ್ಡಮ್ಮ ಲೋಟವನ್ನು ಕೆಳಗಿಟ್ಟರು.

"ಮೂರೂವರೆ ಗಂಟೆನಾ?"

"ಕರಾರುವಾಕ್ಕಾಗಿ."

"ಹಾಗಾದ್ರೆ ಹನ್ನೊಂದು ವರ್ಷ ಯಾಕೆ ಬರಲಿಲ್ಲ?"

ಮಾಸ್ತರರ ಹೆಂಡತಿ ಸೆರಗಿನ ಅಂಚು ನೋಡತೊಡಗಿದಳು.

"ನಾನು ಐದು ಗಂಟೆ ಬಸ್ಸಲ್ಲಿ ನುಜ್ಜುಗುಜ್ಜಾಗಿ ವರ್ಷಕ್ಕೆ ಮೂರು ಸಲ ಬರ್ತೀನಿ. ನಾನೇನು ನಿಮ್ಮ ಒಡಹುಟ್ಟಿದವಳಾ? ಬೆಳಿಗ್ಗೆ ಹತ್ತಿದ್ರೆ ಊಟದ ಹೊತ್ತಿಗೆ ಇಲ್ಲಿರ್ತಾಳೆ. ಒಂದು ಭಾನುವಾರ ಬಂದು ಮುಖ ತೋರಿಸಿ ಹೋಗೋಕೆ ಆಗಲಿಲ್ಲ ಅಂದ್ರೆ ಏನರ್ಥ? ನಾನು ಕೆಟ್ಟ ಮಾತು ಆಡೋಳಲ್ಲ, ಕೇಳ್ತಿದೀನಿ ಅಷ್ಟೆ."

ಮಾತು ಮರುದಿನವೇ ಬೀದಿಗೆ ಇಳಿಯಿತು. ನಿನ್ನೆಯವರೆಗೆ ವಿಮಾನವನ್ನು ಹೊಗಳುತ್ತಿದ್ದವರೆಲ್ಲ ಈಗ ಅಕ್ಕನನ್ನು ಆಡಿಕೊಳ್ಳತೊಡಗಿದರು. ಕಟಿಂಗ್ ಶಾಪಿನವನು ಸಮಾಧಾನ ಹೇಳಲೆಂದು ಬಂದು, "ಬಿಡಿ ಮಾಸ್ಟ್ರೇ, ದೊಡ್ಡವರಾದ ಮೇಲೆ ಎಲ್ಲರೂ ಹಾಗೇ. ಹತ್ತಿರ ಇದ್ರೂ ದೂರ" ಎಂದು ಗಾಯಕ್ಕೆ ಉಪ್ಪು ಸವರಿ ಹೋದ. ಮಾಸ್ತರರು ತಮ್ಮದೇ ಲೆಕ್ಕಕ್ಕೆ ತೇಪೆ ಹಾಕಲು ನೋಡಿದರು. ಗಾಳಿ ಎದುರಾದರೆ ನಾಲ್ಕೂವರೆಯೂ ಆಗಬಹುದು ಎಂದರು. ಮಧ್ಯಾಹ್ನಕ್ಕೆ ಐದೂವರೆ ಮಾಡಿದರು. ಆರಕ್ಕೆ ಎಳೆಯುವ ಹೊತ್ತಿಗೆ ದೊಡ್ಡಮ್ಮ, "ಟಿಕೆಟ್ ತೋರಿಸಿ" ಎಂದರು. ಟಿಕೆಟಿನಲ್ಲಿ ಎರಡು ಬೆರಳು ಹೆಚ್ಚು ಬಿಟ್ಟಿರಲಿಲ್ಲ.

ಎಲ್ಲಕ್ಕಿಂತ ಕೆಟ್ಟದ್ದೆಂದರೆ ಪ್ರಶ್ನೆ ಮಾಸ್ತರರ ಹೊಟ್ಟೆಯೊಳಗೂ ಇಳಿದದ್ದು. ನಿಜಕ್ಕೂ ಯಾಕೆ ಬರಲಿಲ್ಲ? ತನ್ನ ಮಗುವಿಗೆ ಹೆಸರಿಟ್ಟಾಗ ಬರಲಿಲ್ಲ, ಅಂಗಡಿಯ ಛಾವಣಿ ಕುಸಿದಾಗ ಬರಲಿಲ್ಲ, ತಾನು ಮೂರು ವಾರ ಆಸ್ಪತ್ರೆಯಲ್ಲಿ ಮಲಗಿದ್ದಾಗ ಬರಲಿಲ್ಲ. ಮೂರೂವರೆ ಗಂಟೆ. ತಾನು ಒಂದು ಪ್ಯಾಂಟು ಹೊಲಿದು ಗುಂಡಿ ಹಾಕುವಷ್ಟು ಹೊತ್ತು. ಅವರಿಗೆ ದುಃಖವಾಯಿತು, ಸಿಟ್ಟೂ ಬಂತು. ಗೊಂಬೆಯ ಮೈಮೇಲಿದ್ದ ನೀಲಿ ಕೋಟನ್ನು ತೆಗೆದು ಮಡಚಿ ಕಪಾಟಿನ ಕೆಳಗಿನ ಖಾನೆಗೆ ತಳ್ಳಿದರು. ಗುಂಡಿ ಹಾಕುವುದಿಲ್ಲ ಎಂದು ನಿರ್ಧರಿಸಿದರು.

ಅಂದು ಬುಧವಾರ. ನಾಲ್ಕಕ್ಕೆ ಸರಿಯಾಗಿ ಫೋನು ಬಡಿಯಿತು. ಅಂಗಡಿಯಲ್ಲಿ ತಲೆಯಿಲ್ಲದ ಗೊಂಬೆಯ ಹೊರತು ಯಾರೂ ಇರಲಿಲ್ಲ.

"ಪುಟ್ಟ, ಇನ್ನೆರಡು ದಿನ ಕಣೋ" ಎಂದಳು ಅಕ್ಕ. ಅವಳ ಧ್ವನಿ ಎಂದಿನ ಹಾಗೆ ಸ್ವಲ್ಪ ಒರಟಾಗಿ, ತಗ್ಗಿತ್ತು.

"ಗಿರಾಕಿ ಇದಾರೆ ಅಕ್ಕ. ಆಮೇಲೆ" ಎಂದರು ಮಾಸ್ತರರು.

"ಸರಿ ಪುಟ್ಟ. ಕೆಲಸ ನೋಡ್ಕೋ."

ಮಾಸ್ತರರು ಬಹಳ ಹೊತ್ತು ಕೆಲಸ ನೋಡಿಕೊಳ್ಳದೆ ಕೂತಿದ್ದರು. ಚಹಾ ಆರಿತು.

ಶುಕ್ರವಾರ ಬೆಳಿಗ್ಗೆ ಒಂಬತ್ತು ಹತ್ತಕ್ಕೆ, ಕೋಪ ಏನೇ ಇರಲಿ, ವಿಮಾನ ಹತ್ತುವವಳಿಗೆ ಒಂದು ಮಾತು ಹೇಳಬೇಕೆಂದು ಹೆಂಡತಿ ಒತ್ತಾಯಿಸಿದಳು. ಮಾಸ್ತರರು ಜೀವಮಾನದಲ್ಲೇ ಮೊದಲ ಸಲ ತಾವಾಗಿ ಅಕ್ಕನಿಗೆ ಫೋನು ಮಾಡಿದರು. ಫೋನು ಆಫ್ ಆಗಿತ್ತು.

"ಆಫ್ ಮಾಡಿದಾಳಾ? ಚೆನ್ನಾಯ್ತು" ಎಂದರು ದೊಡ್ಡಮ್ಮ. ಅವರು ಆಗಲೇ ಹೊಸ ಚಪ್ಪಲಿ ಹಾಕಿಕೊಂಡು ಹೊರಡಲು ಸಿದ್ಧರಾಗಿದ್ದರು. ಅಕ್ಕನನ್ನು ಎದುರುಗೊಳ್ಳಲು ಅಲ್ಲ, ಆ ಪ್ರಶ್ನೆಯನ್ನು ಖುದ್ದಾಗಿ ಕೇಳಲು.

ಡ್ರೈಕ್ಲೀನಿಂಗಿನವರಿಂದ ಎರವಲು ತಂದ ವ್ಯಾನಿನಲ್ಲಿ ಐದು ಜನ ಹೊರಟರು. ಕಟಿಂಗ್ ಶಾಪಿನವನು ಓಡಿಸುತ್ತಿದ್ದ. ಪಕ್ಕದಲ್ಲಿ ಮಾಸ್ತರರು. ಹಿಂದೆ ಹೆಂಡತಿ, ಅವಳ ತೊಡೆಯ ಮೇಲೆ ಒಂದು ಬಟ್ಟೆಯ ಚೀಲ, ಅವಳ ಪಕ್ಕದಲ್ಲಿ ದೊಡ್ಡಮ್ಮ ಮತ್ತು ಭೂಗೋಳದ ಮೇಷ್ಟ್ರು. ಮೇಷ್ಟ್ರನ್ನು ಯಾರೂ ಕರೆದಿರಲಿಲ್ಲ. ಅವರೇ ಬಂದು ಹತ್ತಿದ್ದರು. ಬಾಗಿಲು ಮುಚ್ಚಿ, ವ್ಯಾನು ಹೆದ್ದಾರಿಗೆ ಏರಿ, ಇನ್ನು ಯಾರೂ ಇಳಿದುಹೋಗುವಂತಿಲ್ಲ ಎಂದು ಖಾತ್ರಿಯಾದ ಮೇಲೆ ಅವರು ಗಂಟಲು ಸರಿಮಾಡಿಕೊಂಡರು.

"ಮೊದಮೊದಲು ಈ ಭೂಮಿ ಒಂದು ಉರಿಯೋ ಉಂಡೆ ಆಗಿತ್ತು."

ಒಂದೂವರೆ ಗಂಟೆಯ ದಾರಿ. ನಗರದ ಅಂಚಿಗೆ ಬಂದಾಗ ಸಮುದ್ರಗಳು ತುಂಬಿದ್ದವು. ನಿಲ್ದಾಣದ ವಾಹನ ನಿಲುಗಡೆಯಲ್ಲಿ ಖಂಡಗಳು ಒಂದರಿಂದೊಂದು ಬೇರೆಯಾದವು. ಜನರನ್ನು ಎದುರುಗೊಳ್ಳುವ ಹಜಾರಕ್ಕೆ ಬಂದು ಉಕ್ಕಿನ ಕಂಬಿಗೆ ಒರಗಿ ನಿಂತಾಗ ಮೇಷ್ಟ್ರು, "ಇನ್ನು ಭೂಮಿ ತನ್ನ ಸುತ್ತ ತಾನು ತಿರುಗೋ ವಿಷಯಕ್ಕೆ ಬರೋಣ" ಎಂದರು. ಅಷ್ಟರಲ್ಲಿ ಫಲಕದಲ್ಲಿ ವಿಮಾನ ಇಳಿಯಿತೆಂದು ಬಂತು. ಹನ್ನೆರಡು ನಲವತ್ತು, ಒಂದು ನಿಮಿಷ ಆಚೆ ಈಚೆ ಇಲ್ಲ. ಮಾಸ್ತರರಿಗೆ ತಮ್ಮ ಲೆಕ್ಕ ನಿಜವಾದದ್ದಕ್ಕೆ ಅಂದಿನಷ್ಟು ಬೇಸರ ಹಿಂದೆಂದೂ ಆಗಿರಲಿಲ್ಲ.

ಮುಕ್ಕಾಲು ಗಂಟೆ ಜನ ಬರುತ್ತಲೇ ಇದ್ದರು. ಕೊನೆಗೆ ಅಕ್ಕ ಕಂಡಳು. ಸಾಮಾನಿನ ಗಾಡಿಯನ್ನು ತಳ್ಳುವುದಕ್ಕಿಂತ ಹೆಚ್ಚಾಗಿ ಅದಕ್ಕೆ ಆತುಕೊಂಡು ಬರುತ್ತಿದ್ದಳು. ಕೂದಲು ಪೂರಾ ಬೆಳ್ಳಗಾಗಿತ್ತು. ಮುಖ ತುಂಬಿಕೊಂಡಿತ್ತು. ಮಾಸ್ತರರ ಸಿಟ್ಟು, ಎರಡು ದಿನದಿಂದ ಒಳಗೊಳಗೇ ಮಡಚಿಟ್ಟುಕೊಂಡಿದ್ದ ಪ್ರಶ್ನೆ, ಎಲ್ಲವೂ ಒಮ್ಮೆಗೇ ಎಲ್ಲಿ ಹೋದವೋ ಗೊತ್ತಾಗಲಿಲ್ಲ. ಅವರು ಕಂಬಿಯ ಕೆಳಗಿನಿಂದ ನುಸುಳಿದರು. ಕಾವಲಿನವನು "ಸರ್, ಸರ್" ಎಂದ. ಅವನ ಮಾತನ್ನು ಯಾರು ಕೇಳುತ್ತಾರೆ.

ಹತ್ತಿರ ಹೋದಾಗ ಅವರ ಕಣ್ಣಿಗೆ ಮೊದಲು ಬಿದ್ದದ್ದು ಅಕ್ಕನ ಕಾಲು. ಟೈಲರ್ ಆದವರು ಮನುಷ್ಯರನ್ನು ನೋಡುವುದೇ ಹಾಗೆ. ಪಾದಗಳು ಬಾತುಕೊಂಡು ಚಪ್ಪಲಿಯ ಪಟ್ಟಿಗಳು ಹಿಡಿಯದೆ, ಬಿಚ್ಚಿದ ಪಟ್ಟಿಗಳನ್ನು ಎಳೆದುಕೊಂಡೇ ಅವಳು ನಡೆಯುತ್ತಿದ್ದಳು. ಮಾಸ್ತರರು ಪ್ಯಾಂಟಿನ ಉದ್ದ ಅಳೆಯಲು ಕೂರುವ ಹಾಗೆ ಅಲ್ಲೇ ಕೂತುಬಿಟ್ಟರು. ಟೇಪು ಕೈಗೆ ಹೇಗೆ ಬಂತೋ. ಎಡಗಾಲಿನ ಹರಡಿನ ಸುತ್ತ ಹಿಡಿದು ನೋಡಿದರು.

"ಅಕ್ಕ, ಇದೇನೇ ಇದು?"

"ಕೂತು ಕೂತು ಹೀಗಾಗಿದೆ ಕಣೋ. ಏಳೋ ಪುಟ್ಟ, ಜನ ನೋಡ್ತಿದಾರೆ."

ಅಷ್ಟು ಹೊತ್ತಿಗೆ ದೊಡ್ಡಮ್ಮ ಬಂದು ಮುಟ್ಟಿದ್ದರು. ಸೊಂಟದ ಮೇಲೆ ಕೈ ಇಟ್ಟುಕೊಂಡು, "ಮೂರೂವರೆ ಗಂಟೆ ಕೂತಿದ್ದಕ್ಕೇ ಇಷ್ಟಾ?" ಎಂದರು.

ಅಕ್ಕ ಅವರ ಮುಖ ನೋಡಿದಳು. "ಯಾವ ಮೂರೂವರೆ ಗಂಟೆ?"

"ಒಂಬತ್ತು ಹತ್ತಕ್ಕೆ ಹತ್ತಿದ್ರಿ. ಹನ್ನೆರಡು ನಲವತ್ತಕ್ಕೆ ಇಳಿದ್ರಿ. ನಿಮ್ಮ ತಮ್ಮನೇ ಲೆಕ್ಕ ಹಾಕಿದಾರೆ."

ಅಕ್ಕ ನಗಲು ಶುರುಮಾಡಿದಳು. ಸುಸ್ತಿನಲ್ಲಿ ನಕ್ಕರೆ ನಿಲ್ಲಿಸಲು ಕಷ್ಟ. ಗಾಡಿಯ ಹಿಡಿ ಹಿಡಿದುಕೊಂಡು, ಕಣ್ಣೊರೆಸಿಕೊಂಡು ಎಡಗೈಯನ್ನು ಮುಂದೆ ಚಾಚಿದಳು. ಆ ಕೈಯಲ್ಲಿ ಎರಡು ಗಡಿಯಾರಗಳಿದ್ದವು, ಒಂದರ ಮೇಲೊಂದು.

"ಇಲ್ಲಿ ನೋಡಿ. ಇದು ಅಲ್ಲಿಯ ಟೈಮು. ಈಗ ಅಲ್ಲಿ ರಾತ್ರಿ ಹನ್ನೆರಡಾಯ್ತು. ಬೆಳಿಗ್ಗೆ ಒಂಬತ್ತಕ್ಕೆ ಕೂತವಳು ಹದಿನಾಲ್ಕು ಗಂಟೆ ಕಾಲು ಚಾಚೋಕೆ ಜಾಗ ಇಲ್ಲದೆ ಕೂತಿದ್ದೆ. ಅಲ್ಲಿ ಹೊತ್ತು ಮುಳುಗಿದ ಮೇಲೆ ಇಲ್ಲಿ ಬೆಳಗಾಗುತ್ತೆ."

"ಅದನ್ನೇ ನಾನು ಶನಿವಾರದಿಂದ ಹೇಳೋಕೆ ಹೊರಟಿದೀನಿ" ಎಂದರು ಭೂಗೋಳದ ಮೇಷ್ಟ್ರು. ಇನ್ನೊಂದೇ ವಾಕ್ಯ ಬಾಕಿ ಇತ್ತು ಅವರಿಗೆ.

"ಮತ್ತೆ ಈ ಇನ್ನೊಂದು?" ಎಂದರು ಮಾಸ್ತರರು. ಎರಡನೆಯ ಗಡಿಯಾರ ಗೋಡೆಯ ಮೇಲಿನ ನಿಲ್ದಾಣದ ಗಡಿಯಾರಕ್ಕೆ ಸರಿಯಾಗಿ ನಡೆಯುತ್ತಿತ್ತು.

"ಅದು ನಿನ್ನ ಟೈಮು. ಹೋದಾಗಿಂದ ಕಟ್ಕೊಂಡಿದೀನಿ. ನೀನು ಯಾವಾಗ ಅಂಗಡಿ ತೆಗೀತೀಯ, ಯಾವಾಗ ಊಟ ಮಾಡ್ತೀಯ ಅಂತ ಗೊತ್ತಾಗಬೇಕಲ್ಲ."

ಮಾಸ್ತರರು ನೆಲದ ಮೇಲೆ ಕೂತಲ್ಲಿಂದಲೇ ಬೆರಳು ಮಡಚತೊಡಗಿದರು. ಈ ಸಲ ಲೆಕ್ಕ ನಿಧಾನವಾಗಿ ಸಾಗಿತು, ಮತ್ತು ಅದು ಎಲ್ಲಿಗೆ ಹೋಗಿ ನಿಲ್ಲುತ್ತದೆಂದು ಮೊದಲೇ ಗೊತ್ತಾಗಿ ಅವರು ಕೊನೆಯ ಬೆರಳನ್ನು ಮಡಚದೆ ಅಕ್ಕನತ್ತ ನೋಡಿದರು.

"ಅಕ್ಕ, ಬುಧವಾರ ನಾಲ್ಕಕ್ಕೆ ಫೋನ್ ಮಾಡ್ತಿದ್ದೆಯಲ್ಲ. ಅಲ್ಲಿ ಆಗ ಎಷ್ಟು?"

"ಎರಡೂವರೆ."

"ಮಧ್ಯಾಹ್ನದ್ದಾ?"

"ರಾತ್ರಿದು. ಅಲಾರಂ ಇಟ್ಕೊಂಡು ಏಳ್ತಿದ್ದೆ. ನೀನು ಮಿಷನ್ ಬಿಟ್ಟು ಕೈ ಖಾಲಿ ಇಟ್ಕೊಳ್ಳೋದು ಅದೊಂದೇ ಹೊತ್ತು."

ಹನ್ನೊಂದು ವರ್ಷದ ಬುಧವಾರಗಳು ಎಷ್ಟು ಎಂದು ಮಾಸ್ತರರು ಎಣಿಸಲು ಹೋಗಲಿಲ್ಲ. ಅವುಗಳಲ್ಲಿ ಎಷ್ಟು ಸಲ ತಾವು "ಗಿರಾಕಿ ಇದಾರೆ" ಎಂದಿದ್ದರು, ಮೊನ್ನೆ ಯಾವ ಗಿರಾಕಿ ಇದ್ದ ಎಂಬುದು ಮಾತ್ರ ಅವರಿಗೆ ನೆನಪಾಯಿತು. ಅವರು ಅಳುತ್ತಿದ್ದಾರೆಂದು ಹಜಾರದಲ್ಲಿದ್ದವರಿಗೆಲ್ಲ ಕಾಣುತ್ತಿತ್ತು. ಕಾವಲಿನವನು ಕೂಡ ಮುಖ ಆಚೆ ತಿರುಗಿಸಿಕೊಂಡ.

"ನೀನು ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಮಾಡಬೇಡ ಅಂತಿದ್ದೆ. ಬರೋಣ ಅಂದ್ರೆ ರಜೆ ವರ್ಷಕ್ಕೆ ಆರು ದಿನ. ಅಲ್ಲಿ ನಾನಿರೋ ಊರಿಂದ ವಿಮಾನ ಹತ್ತೋ ಊರಿಗೇ ರೈಲಲ್ಲಿ ಒಂದು ದಿನ. ಬಂದು ಹೋಗೋದ್ರಲ್ಲೇ ನಾಲ್ಕು ದಿನ ಮುಗಿಯುತ್ತೆ. ಅದಕ್ಕೇ ಎಲ್ಲಾ ಕೂಡಿಟ್ಟೆ. ಈಗ ಎರಡು ತಿಂಗಳು ಇರ್ತೀನಿ, ಓಡಿಸೋ ಹಾಗಿಲ್ಲ."

ಆಗ ದೊಡ್ಡಮ್ಮ ಒಂದು ಕೆಲಸ ಮಾಡಿದರು. ಬಗ್ಗಿ ತಮ್ಮ ಹೊಸ ಚಪ್ಪಲಿಗಳನ್ನು ಬಿಚ್ಚಿ ಅಕ್ಕನ ಕಾಲ ಮುಂದೆ ಜೋಡಿಸಿಟ್ಟರು. ದೊಡ್ಡಮ್ಮನ ಪಾದ ಮೊದಲಿನಿಂದಲೂ ಧಾರಾಳವಾದದ್ದು. "ಹಾಕ್ಕೊಳ್ಳಿ. ನಂಗೆ ಬರಿಗಾಲು ಅಭ್ಯಾಸ ಇದೆ" ಎಂದರು. ಅದು ಶುದ್ಧ ಸುಳ್ಳು. ವ್ಯಾನಿನವರೆಗೆ ಅವರು ಕಾದ ನೆಲದ ಮೇಲೆ ಒಂದೊಂದೇ ಹೆಜ್ಜೆ ಎತ್ತಿಟ್ಟು ನಡೆದರು, ಒಂದು ಮಾತೂ ಬೈಯಲಿಲ್ಲ. ಬಸ್ಸಿನ ಐದು ಗಂಟೆಯ ಮಾತನ್ನು ಆಮೇಲೆ ಎರಡು ವಾರ ಎತ್ತಲೂ ಇಲ್ಲ.

ವ್ಯಾನು ಹೊರಟ ಮೇಲೆ ಹೆಂಡತಿ ತೊಡೆಯ ಮೇಲಿನ ಚೀಲ ಬಿಚ್ಚಿದಳು. ಒಳಗೆ ನೀಲಿ ಕೋಟು. ಕಪಾಟಿನಿಂದ ತೆಗೆದು, ಗುಂಡಿ ಹಾಕಿ, ಇಸ್ತ್ರಿ ಮಾಡಿ ಅವಳು ತಂದಿದ್ದಳು. ಮಾಸ್ತರರು ಅವಳನ್ನು ಕನ್ನಡಿಯಲ್ಲಿ ನೋಡಿದರು. "ಯಾವಾಗ ಹಾಕಿದೆ?" ಎಂದರು.

"ನೀವು ಕೋಪ ಮಾಡ್ಕೊಂಡಿದ್ರಲ್ಲ, ಆವಾಗ. ಎಷ್ಟು ಹೊತ್ತು ಇರುತ್ತೆ ಅಂತ ನಂಗೆ ಲೆಕ್ಕ ಇದೆ" ಎಂದಳು.

ಅಕ್ಕ ಕೋಟು ತೊಟ್ಟು ನೋಡಿದಳು. ಹನ್ನೊಂದು ವರ್ಷದ ಹಿಂದಿನ ಅಳತೆಗೆ ಹೊಲಿದದ್ದು. ಗುಂಡಿ ಅದರ ತೂತಿಗೆ ಎಟಕಲಿಲ್ಲ. ಮಾಸ್ತರರ ಮುಖ ಸಣ್ಣದಾಯಿತು. ಅಕ್ಕ ಕೋಟನ್ನು ತೆಗೆದು, ಒಳಗನ್ನು ಹೊರಗೆ ಮಾಡಿ, ಬೆರಳುಗಳಿಂದ ಬದಿಯ ಹೊಲಿಗೆಯನ್ನು ತಡವಿಕೊಂಡು ಹೋದಳು.

"ಎರಡು ಬೆರಳು ಬಿಟ್ಟಿದೀಯ" ಎಂದಳು.

"ನೀನೇ ಹೇಳಿಕೊಟ್ಟಿದ್ದು" ಎಂದರು ಮಾಸ್ತರರು. ಅಕ್ಕನಿಗೆ ಅಷ್ಟು ಸಾಕಾಗಿತ್ತು ಎಂದು ಅವಳು ಕೋಟನ್ನು ಮಡಿಲಲ್ಲಿಟ್ಟುಕೊಂಡ ರೀತಿಯಿಂದಲೇ ಗೊತ್ತಾಗುತ್ತಿತ್ತು. ಸಮಾಧಾನವಾದ ಹೊತ್ತು ನೋಡಿ ಮೇಷ್ಟ್ರು ತಮ್ಮ ಕೊನೆಯ ವಾಕ್ಯವನ್ನು ಹೇಳಿ ಮುಗಿಸಿದರು. ಅಷ್ಟು ಜನ ಒಟ್ಟಿಗೆ ಅವರಿಗೆ "ಉಪಕಾರ ಆಯ್ತು ಮೇಷ್ಟ್ರೇ" ಎಂದದ್ದು ಅವರ ಮೂವತ್ತು ವರ್ಷದ ನೌಕರಿಯಲ್ಲೂ ನಡೆದಿರಲಿಲ್ಲ.

ಊರು ಮುಟ್ಟಿದಾಗ ಮೂರು ದಾಟಿತ್ತು. ಅಕ್ಕ ಮನೆಗೂ ಮೊದಲು ಅಂಗಡಿಯನ್ನು ನೋಡಬೇಕೆಂದಳು. ಹಳೆಯ ಯಂತ್ರದ ಮುಂದಿನ ಸ್ಟೂಲಿನ ಮೇಲೆ ಕೂತಳು, ಬಾತ ಪಾದವನ್ನು ಪೆಡಲಿನ ಮೇಲಿಟ್ಟಳು, ಯಂತ್ರದ ಮೇಲೆ ತಲೆಯಿಟ್ಟು ಹಾಗೇ ನಿದ್ದೆ ಹೋದಳು. ಮಾಸ್ತರರು ಕರೆಂಟಿನ ಯಂತ್ರವನ್ನು ಚಾಲೂ ಮಾಡದೆ, ಕೈಸೂಜಿಯಲ್ಲಿ ಸದ್ದಿಲ್ಲದೆ ಕೋಟಿನ ಬದಿ ಬಿಚ್ಚುತ್ತ ಕೂತರು.

ನಾಲ್ಕಾಯಿತು. ಇನ್ನೂ ಆ ದೇಶದ ಸಮಯದಲ್ಲೇ ನಡೆಯುತ್ತಿದ್ದ ಅಕ್ಕನ ಫೋನಿನಲ್ಲಿ ಅಲಾರಂ ಹೊಡೆಯಿತು. ಬುಧವಾರ ಮಾತ್ರ ಹೊಡೆಯುತ್ತದೆ ಎಂದುಕೊಂಡಿದ್ದರು ಮಾಸ್ತರರು. ಅವಳು ದಿನವೂ ಇಟ್ಟುಕೊಂಡಿದ್ದಳೆಂದು ಅವರಿಗೆ ಆಗ ತಿಳಿಯಿತು. ಅಕ್ಕ ಕಣ್ಣು ಬಿಡಲಿಲ್ಲ. ಎಷ್ಟೋ ವರ್ಷದ ರೂಢಿಯಲ್ಲಿ ಅವಳ ಕೈ ಫೋನನ್ನು ಹುಡುಕಿ, ಬೆರಳು ಅದರ ಮೇಲೆ ಏನೋ ಒತ್ತಿ, ಫೋನನ್ನು ಕಿವಿಗೆ ಇಟ್ಟುಕೊಂಡಿತು.

ಮೂರಡಿ ಆಚೆ, ಕತ್ತರಿಯ ಪಕ್ಕದಲ್ಲಿದ್ದ ಮಾಸ್ತರರ ಫೋನು ಬಡಿಯತೊಡಗಿತು. ಅವರು ಎತ್ತಿಕೊಂಡರು.

"ಹೇಳಕ್ಕ" ಎಂದರು.

"ಪುಟ್ಟ, ಚಹಾ ಕುಡಿದೆಯಾ?" ಎಂದಳು ಅಕ್ಕ, ಅರೆನಿದ್ದೆಯಲ್ಲಿ.

ಅಷ್ಟರಲ್ಲಿ ಬಾಗಿಲಲ್ಲಿ ಒಬ್ಬ ಗಿರಾಕಿ ಬಂದು ನಿಂತ. "ಮಾಸ್ಟ್ರೇ, ನನ್ನ ಪ್ಯಾಂಟು ಇವತ್ತು ಕೊಡ್ತೀನಿ ಅಂದಿದ್ರಿ, ತುಂಬಾ ಅರ್ಜೆಂಟು..."

ಮಾಸ್ತರರು ಫೋನಿನ ಮೇಲೆ ಅಂಗೈ ಮುಚ್ಚಿಕೊಂಡು ತಗ್ಗಿದ ಧ್ವನಿಯಲ್ಲಿ ಹೇಳಿದರು:

"ಅಕ್ಕ ಮಾತಾಡ್ತಿದಾರೆ. ಆಮೇಲೆ ಬನ್ನಿ."